ಜೇವರ್ಗಿಯ ಬಿಸಿಲು ಮತ್ತು ಒಂದು ಜೋಡಿ ರ್ಯಾಮ್

ಗೇಮಿಂಗ್ ಕಂಪ್ಯೂಟರಿಗೆಂದು ಮಾರಲಾಗುವ ಅತಿವೇಗದ ರ್ಯಾಮ್ ಕಿಟ್ಟನ್ನು ಪರೀಕ್ಷಿಸಿ ಅದರ ಯೋಗ್ಯತೆ ತೂಗುವ ಕೆಲಸವು ಮೇಲ್ನೋಟಕ್ಕೆ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡುವಷ್ಟು ಸುಲಭವೆಂದು ತೋರಿದರೂ, ಆ ಸಂಖ್ಯೆಗಳು ಎಂಥ ಹವೆಯಲ್ಲಿ, ಯಾವ ಮದರ್‌ಬೋರ್ಡಿನ ಮೇಲೆ, ಎಷ್ಟು ಹೊತ್ತು ತಪ್ಪಿಲ್ಲದೆ ನಿಂತವು ಎಂದು ಕೇಳತೊಡಗಿದೊಡನೆ ಅದು ಊರಿಂದೂರಿಗೆ ಬೇರೆ ಉತ್ತರ ಬರುವ ಪ್ರಶ್ನೆಯಾಗುತ್ತದೆ. ಕಲಬುರಗಿ ಜಿಲ್ಲೆಯ ಜೇವರ್ಗಿ ಪಟ್ಟಣದಲ್ಲಿ 2018ರ ಚಳಿಗಾಲದಿಂದ 2019ರ ಬೇಸಿಗೆ ಮುಗಿಯುವವರೆಗೆ ನಡೆದ ಅಂಥದೊಂದು ಪರೀಕ್ಷೆಯ ನೆನಪನ್ನು ಈ ಬರಹ ದಾಖಲಿಸುತ್ತದೆ. ಪರೀಕ್ಷೆ ನಡೆಸಿದವನೇ ಇದರ ಲೇಖಕನಾಗಿರುವುದರಿಂದ, ಮನೆಯ ಹಳೆಯ ಲೆಕ್ಕದ ವಹಿಯೊಂದರ ಖಾಲಿ ಹಾಳೆಗಳಲ್ಲಿ ಆಗ ಬರೆದಿಟ್ಟ ಟಿಪ್ಪಣಿಗಳೇ ಇದಕ್ಕೆ ಆಧಾರವಾಗಿವೆ.

ಅತಿವೇಗದ ರ್ಯಾಮ್ ಎಂದರೆ ಹಣವಿದ್ದವರ ಅಲಂಕಾರ, ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣದ ದೀಪ ಉರಿಸಿಕೊಂಡು ಕೂರುವ ವಸ್ತು ಎಂಬ ಮಾತು ಅಂದೂ ಇತ್ತು, ಇಂದೂ ಇದೆ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನ ಮಟ್ಟಿಗೆ ಆ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಏಕೆಂದರೆ ಅಂಥ ಕಾರ್ಡು ಚಿತ್ರ ಬಿಡಿಸಲು ಬೇಕಾದ ಮೆಮೊರಿಯನ್ನು ತನ್ನ ಮೈಮೇಲೆಯೇ ಹೊತ್ತಿರುತ್ತದೆ, ಮುಖ್ಯ ರ್ಯಾಮಿನ ವೇಗ ತುಸು ಕಡಿಮೆಯಾದರೂ ಆಟದ ಓಟಕ್ಕೆ ದೊಡ್ಡ ಧಕ್ಕೆ ಬರುವುದಿಲ್ಲ. ಕಾರ್ಡೇ ಇಲ್ಲದವನ ಸ್ಥಿತಿ ಬೇರೆ. 2017ರ ಕೊನೆ ಮತ್ತು 2018ರ ಆರಂಭದಲ್ಲಿ ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆಗೆಂದು ಜಗತ್ತಿನಾದ್ಯಂತ ಗ್ರಾಫಿಕ್ಸ್ ಕಾರ್ಡುಗಳನ್ನು ಸಗಟಾಗಿ ಕೊಳ್ಳಲಾಗಿ ಅವುಗಳ ಬೆಲೆ ಗಗನಕ್ಕೇರಿದ್ದ ಹೊತ್ತಿನಲ್ಲಿ, 2018ರ ಫೆಬ್ರುವರಿ 12ರಂದು ಎಎಂಡಿ ಕಂಪನಿಯು ರೈಜೆನ್ 3 2200ಜಿ ಮತ್ತು ರೈಜೆನ್ 5 2400ಜಿ ಎಂಬ ಎರಡು ಪ್ರೊಸೆಸರುಗಳನ್ನು ಹೊರತಂದಿತು. ಲೆಕ್ಕ ಮಾಡುವ ಭಾಗವನ್ನೂ ಚಿತ್ರ ಬಿಡಿಸುವ ಭಾಗವನ್ನೂ ಒಂದೇ ಚಿಪ್ಪಿನಲ್ಲಿ ಕೂಡಿಸಿದ ಇವು ಕಾರ್ಡಿಲ್ಲದೆಯೂ ಆಟ ಓಡಿಸಬಲ್ಲವಾಗಿದ್ದವು. ಸ್ವಂತ ಮೆಮೊರಿ ಇಲ್ಲದ ಈ ಗ್ರಾಫಿಕ್ಸ್ ಭಾಗವು ತನಗೆ ಬೇಕಾದ್ದನ್ನೆಲ್ಲ ಮುಖ್ಯ ರ್ಯಾಮಿನಿಂದಲೇ ಎಳೆದುಕೊಳ್ಳಬೇಕಾಗುತ್ತದೆ; ಆದ್ದರಿಂದ ಅದರ ಮಟ್ಟಿಗೆ ರ್ಯಾಮಿನ ವೇಗವೇ ಗ್ರಾಫಿಕ್ಸ್ ಕಾರ್ಡಿನ ವೇಗ. ಜೇವರ್ಗಿಯಲ್ಲಿ ಈ ಕಿಟ್ಟು ಬಡವನ ಗ್ರಾಫಿಕ್ಸ್ ಕಾರ್ಡಾಗಿತ್ತು ಎಂಬುದು ಲೇಖಕನ ಖಚಿತ ಅಭಿಪ್ರಾಯ. ಇದನ್ನು ಮರೆತು ಮಾಡಿದ ಯಾವ ವಿಮರ್ಶೆಯೂ ಆ ಊರಿನ ಹುಡುಗರಿಗೆ ಉಪಯೋಗಕ್ಕೆ ಬಾರದು.

ಮುಂದಿನ ಮಾತು ತಿಳಿಯಬೇಕಾದರೆ ರ್ಯಾಮಿನ ಒಳರಚನೆಯನ್ನು ಸ್ವಲ್ಪ ವಿವರಿಸಬೇಕಾಗುತ್ತದೆ. ಇಂದಿನ ರ್ಯಾಮಿನ ಮೂಲಘಟಕವಾದ ಕೋಶವನ್ನು ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1966ರಲ್ಲಿ ಕಲ್ಪಿಸಿ 1968ರಲ್ಲಿ ಪೇಟೆಂಟ್ ಪಡೆದನು. ಒಂದು ಟ್ರಾನ್ಸಿಸ್ಟರು ಬಾಗಿಲಿನಂತೆ ತೆರೆದು ಮುಚ್ಚುತ್ತದೆ, ಅದರ ಹಿಂದಿನ ಒಂದು ಕೆಪಾಸಿಟರು ವಿದ್ಯುದಂಶವನ್ನು ತುಂಬಿಟ್ಟುಕೊಳ್ಳುತ್ತದೆ. ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. 1970ರಲ್ಲಿ ಇಂಟೆಲ್ ಮಾರುಕಟ್ಟೆಗೆ ತಂದ 1103 ಎಂಬ ಚಿಪ್ಪಿನಲ್ಲಿ ಮಾಹಿತಿಬಿಂದುಗಳು 1,024 ಇದ್ದರೆ, 16 ಜಿಬಿ ರ್ಯಾಮಿನಲ್ಲಿ ಅವುಗಳ ಸಂಖ್ಯೆ ಸುಮಾರು 13,744 ಕೋಟಿ. ಈ ಕೆಪಾಸಿಟರು ಬೇಸಿಗೆಯ ಮಣ್ಣಿನ ಹರವಿಯಂತೆ ಸದಾ ಜಿನುಗುತ್ತಿರುತ್ತದೆ. ಬರಿದಾಗುವ ಮೊದಲೇ ಓದಿ ಮತ್ತೆ ತುಂಬದಿದ್ದರೆ ಅದರಲ್ಲಿದ್ದ ಒಂದು ಸೊನ್ನೆಯಾಗಿಬಿಡುತ್ತದೆ. ಹೀಗೆ ಮರುತುಂಬುವ ಕ್ರಿಯೆಗೆ ರಿಫ್ರೆಶ್ ಎಂದು ಹೆಸರು. ಡಿಡಿಆರ್4 ಮಾದರಿಯ ನಿಯಮದ ಪ್ರಕಾರ ಚಿಪ್ಪಿನ ಬಿಸಿ 85 ಡಿಗ್ರಿ ಸೆಲ್ಸಿಯಸ್ ಮೀರದಿರುವಾಗ ಎಲ್ಲ ಕೋಶಗಳೂ 64 ಮಿಲಿಸೆಕೆಂಡಿಗೊಮ್ಮೆ ಮರುತುಂಬಬೇಕು, ಅದನ್ನು ಮೀರಿದರೆ 32 ಮಿಲಿಸೆಕೆಂಡಿಗೊಮ್ಮೆ. ಬಿಸಿ ಏರಿದಂತೆ ಜಿನುಗು ಹೆಚ್ಚುತ್ತದೆ ಎಂಬುದನ್ನು ನಿಯಮ ಬರೆದವರೇ ಒಪ್ಪಿಕೊಂಡಿದ್ದಾರೆ ಎಂದರ್ಥ. ಈ ಒಂದು ಸಾಲು ಲೇಖಕನಿಗೆ ಮೊದಲೇ ತಿಳಿದಿದ್ದರೆ 2019ರ ಏಪ್ರಿಲ್ ತಿಂಗಳು ಇನ್ನಷ್ಟು ನೆಮ್ಮದಿಯಿಂದ ಕಳೆಯುತ್ತಿತ್ತು.

ಪೊಟ್ಟಣದ ಮೇಲೆ ಅಚ್ಚಾಗುವ ಸಂಖ್ಯೆಗಳಲ್ಲಿ ಎರಡು ಮುಖ್ಯ. ಡಿಡಿಆರ್4-3200 ಎಂಬಲ್ಲಿನ 3200 ಎಂಬುದು ಸೆಕೆಂಡಿಗೆ 320 ಕೋಟಿ ಸಲ ಮಾಹಿತಿ ಸಾಗುತ್ತದೆ ಎಂಬುದನ್ನು ಹೇಳುತ್ತದೆ. ಪ್ರತಿ ಸಲವೂ 64 ಬಿಟ್ಟುಗಳು, ಅಂದರೆ ಎಂಟು ಬೈಟುಗಳು ಸಾಗುವುದರಿಂದ ರ್ಯಾಮಿಗೂ ಪ್ರೊಸೆಸರಿಗೂ ನಡುವಿನ ಒಂದು ದಾರಿಗೆ, ಅಂದರೆ ಚಾನೆಲ್ಲಿಗೆ, ಸೆಕೆಂಡಿಗೆ 25.6 ಜಿಬಿ, ಎರಡು ಚಾನೆಲ್ಲಿಗೆ 51.2 ಜಿಬಿ ಎಂಬ ಲೆಕ್ಕ ಸಿಗುತ್ತದೆ. ಗಡಿಯಾರದ ಒಂದು ಮಿಡಿತಕ್ಕೆ ಎರಡು ಸಲ ಸಾಗಣೆ ನಡೆಯುವುದರಿಂದ ನಿಜವಾದ ಮಿಡಿತ 1600 ಮೆಗಾಹರ್ಟ್ಸ್ ಮಾತ್ರ. ಸಿಪಿಯು-ಝಡ್ ಎಂಬ ತಂತ್ರಾಂಶ ಈ 1600ನ್ನೇ ತೋರಿಸುವುದನ್ನು ಕಂಡು ಅಂಗಡಿಯವನು ಮೋಸಮಾಡಿದನೆಂದು ಸಿಟ್ಟಿಗೆದ್ದ ಹುಡುಗರನ್ನು ಲೇಖಕ ಸಮಾಧಾನಪಡಿಸಬೇಕಾಗಿ ಬಂದದ್ದು ಒಂದೆರಡು ಸಲವಲ್ಲ. ಎರಡನೆಯ ಸಂಖ್ಯೆ ಸಿಎಲ್, ಅಂದರೆ ಕೇಳಿದ ಮಾಹಿತಿ ಹೊರಬರಲು ಎಷ್ಟು ಮಿಡಿತ ಕಾಯಬೇಕು ಎಂಬುದರ ಎಣಿಕೆ. ಅಡತಿ ಅಂಗಡಿಯ ಗೋದಾಮಿನಲ್ಲಿ ಬೇಕಾದ ಚೀಲ ತೆಗೆಯಲು ಮೊದಲು ಸಾಲನ್ನು ತೆರವು ಮಾಡಿ, ಬಳಿಕ ಆ ಸಾಲಿನೊಳಗಿನ ಚೀಲಕ್ಕೆ ಕೈಹಾಕಬೇಕಾಗುವಂತೆ, ರ್ಯಾಮಿನಲ್ಲೂ ಮೊದಲು ಅಡ್ಡಸಾಲು ತೆರೆದು ಆಮೇಲೆ ಕಂಬಸಾಲನ್ನು ಆರಿಸಬೇಕಾಗುತ್ತದೆ. ಸಿಎಲ್ ಈ ಎರಡನೆಯ ಹೆಜ್ಜೆಯ ಕಾಯುವಿಕೆ. ಮಿಡಿತದ ಅಳತೆ ವೇಗದೊಂದಿಗೆ ಬದಲಾಗುವುದರಿಂದ ಎರಡು ಕಿಟ್ಟುಗಳ ಸಿಎಲ್ಲನ್ನು ನೇರವಾಗಿ ಹೋಲಿಸಲಾಗದು. ಸಿಎಲ್ಲನ್ನು 2000ದಿಂದ ಗುಣಿಸಿ ವೇಗದ ಸಂಖ್ಯೆಯಿಂದ ಭಾಗಿಸಿದರೆ ನ್ಯಾನೋಸೆಕೆಂಡುಗಳಲ್ಲಿ ನಿಜವಾದ ಕಾಯುವ ಕಾಲ ಸಿಗುತ್ತದೆ: 2400ರ ವೇಗ, ಸಿಎಲ್ 17 ಇರುವ ಸಾಧಾರಣ ರ್ಯಾಮ್ ಸ್ಟಿಕ್ಕಿಗೆ 14.2, 3200ರ ವೇಗ, ಸಿಎಲ್ 16 ಇರುವ ಕಿಟ್ಟಿಗೆ 10. ಒಂದು ನ್ಯಾನೋಸೆಕೆಂಡಿನಲ್ಲಿ ಬೆಳಕು ಸುಮಾರು 30 ಸೆಂಟಿಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ, ಈ ನಾಲ್ಕು ನ್ಯಾನೋಸೆಕೆಂಡಿನ ಅಂತರವು ಬೆಳಕು ಒಂದು ಕೋಣೆಯ ಅರ್ಧ ದಾಟುವಷ್ಟರ ಹೊತ್ತು.

ಲೇಖಕನ ಬಳಿ ಆಗ ಇದ್ದದ್ದು ರೈಜೆನ್ 5 2400ಜಿ ಪ್ರೊಸೆಸರು ಮತ್ತು 8 ಜಿಬಿಯ ಒಂದೇ ಒಂದು 2400 ವೇಗದ ಸ್ಟಿಕ್ಕು. ಕಿಟ್ಟು ಕೊಳ್ಳುವ ಆಲೋಚನೆ ಸ್ವಂತದ ಆಟಕ್ಕಾಗಿ ಶುರುವಾದರೂ ಅದಕ್ಕೆ ದುಡ್ಡು ಹುಟ್ಟಿದ್ದು ಬೇರೆ ಕಾರಣದಿಂದ. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್, ಡಿಟಿಪಿ ಅಂಗಡಿ ನಡೆಸುತ್ತಿದ್ದ ದೊಡ್ಡಪ್ಪನ ಮಗ, ಮನೆಯವರೆಲ್ಲರ ಬಾಯಲ್ಲಿ ಅಣ್ಣ, ಹಿಂದಿನ ಕೋಣೆಯಲ್ಲಿ ಆರು ಸಿಸ್ಟಮ್ ಹಾಕಿ ಸಂಜೆ ಹುಡುಗರಿಗೆ ತಾಸಿನ ಲೆಕ್ಕದಲ್ಲಿ ಆಟಕ್ಕೆ ಕೊಡುವ, ಹಗಲು ಅವುಗಳಲ್ಲೇ ನುಡಿ ತಂತ್ರಾಂಶ ಬಳಸಿ ಲಗ್ನಪತ್ರಿಕೆ, ಕರಪತ್ರಗಳ ಕೆಲಸ ಮಾಡುವ ಯೋಜನೆ ಹಾಕಿದ್ದನು. ಆರಕ್ಕೂ ಇದೇ ಪ್ರೊಸೆಸರು ಸಾಕೇ, ಸಾಕಾದರೆ ಎಂಥ ರ್ಯಾಮ್ ಹಾಕಬೇಕು ಎಂಬುದನ್ನು ಒಂದು ಜೋಡಿ ಕೊಂಡು ತಂದು ಪರೀಕ್ಷಿಸಿ ಹೇಳುವ ಹೊಣೆ ಲೇಖಕನ ಪಾಲಿಗೆ ಬಂತು. ರ್ಯಾಮ್ ಚಿಪ್ಪುಗಳ ಬೆಲೆ 2016ರ ಮಧ್ಯದಿಂದ ಏರುತ್ತ ಬಂದು 2018ರ ಕೊನೆಗೆ ಇಳಿಮುಖವಾಗತೊಡಗಿದ್ದರೂ ಆ ಇಳಿತ ಅಂಗಡಿಯ ಕಟ್ಟೆಗೆ ಇನ್ನೂ ತಲುಪಿರಲಿಲ್ಲ. 3200 ವೇಗ, ಸಿಎಲ್ 16ರ 16 ಜಿಬಿಯ ಜೋಡಿಯೊಂದಕ್ಕೆ ತೆತ್ತ ಹಣ ಆ ಸಾಲಿನ ಬೆಂಬಲ ಬೆಲೆಯಲ್ಲಿ, ಅಂದರೆ ಕ್ವಿಂಟಲಿಗೆ 5,675 ರೂಪಾಯಿಯಂತೆ, ಹೆಚ್ಚುಕಡಿಮೆ ಮೂರು ಕ್ವಿಂಟಲ್ ತೊಗರಿಯ ಬೆಲೆಗೆ ಸಮನಾಗಿತ್ತು. ತೊಗರಿಯ ಕಣಜವೆನಿಸಿದ ಜಿಲ್ಲೆಯಲ್ಲಿ ಎಲ್ಲ ಖರ್ಚನ್ನೂ ತೊಗರಿಯಲ್ಲಿ ಅಳೆಯುವುದು ರೂಢಿ. ಪೊಟ್ಟಣ ಬಿಚ್ಚಿದಾಗ ಲೇಖಕನ ತಂದೆ ಸ್ಟಿಕ್ಕನ್ನು ಅಂಗೈಮೇಲಿಟ್ಟು ತೂಗಿನೋಡಿ, "ಗೇಣುದ್ದ ಇಲ್ಲ, ಇದಕ್ಕ ಮೂರು ಕ್ವಿಂಟಲ್ ತೊಗರಿ ರೊಕ್ಕಾ?" ಎಂದು ಕೇಳಿದ ಪ್ರಶ್ನೆ ವಹಿಯ ಮೊದಲ ಪುಟದಲ್ಲೇ ಇದೆ, ಅದು ಅಲ್ಲಿರುವುದು ಸರಿಯಾಗಿಯೂ ಇದೆ.

ಕಿಟ್ಟನ್ನು ತಂದದ್ದು ಹೈದರಾಬಾದಿನಿಂದ. ಜೇವರ್ಗಿಯವರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಗಿಂತ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್ ಹತ್ತಿರ. ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆ ದಾಟಿ ಕಲಬುರಗಿ ತಲುಪಿ, ಅಲ್ಲಿಂದ ರೈಲು ಹಿಡಿದರೆ ಬೆಳಗ್ಗೆ ಹೋದವನು ರಾತ್ರಿಗೆ ಮರಳಬಹುದು. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಅಗತ್ಯವಿಲ್ಲ. ಪೊಟ್ಟಣದ ಮೇಲೆ ಯಾರ ಹೆಸರಿದ್ದರೂ ಒಳಗಿನ ಚಿಪ್ಪುಗಳನ್ನು ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು ತಯಾರಿಸುತ್ತವೆ. ಕಿಟ್ ಎಂಬ ಮಾತಿಗೆ ಮಾತ್ರ ವಿವರಣೆ ಬೇಕು. ಒಂದೇ ಕಾಲಕ್ಕೆ ಜೋಡಿಯಾಗಿ ಪರೀಕ್ಷೆಗೊಂಡು, ಒಂದೇ ವೇಗ ಮತ್ತು ಒಂದೇ ಕಾಯುವಿಕೆಯಲ್ಲಿ ಕೂಡಿ ಕೆಲಸ ಮಾಡುವುದೆಂದು ತಯಾರಕನು ಹೊಣೆ ಹೊತ್ತ ಸ್ಟಿಕ್ಕುಗಳ ಗುಂಪು ಕಿಟ್ಟು. ಇಂದೊಂದು ಸ್ಟಿಕ್ಕು, ಬರುವ ವರ್ಷ ಇನ್ನೊಂದು ಸ್ಟಿಕ್ಕು ಎಂದು ಕೊಳ್ಳುವವರಿಗೆ ಹೆಸರು, ಬಣ್ಣ, ಸಂಖ್ಯೆ ಎಲ್ಲ ಒಂದೇ ಆದರೂ ಒಳಗಿನ ಚಿಪ್ಪು ಬೇರೆಯದಾಗಿ ಬರುವ ಸಂಭವ ಇದ್ದೇ ಇರುತ್ತದೆ, ಆಗ ಜೋಡೆತ್ತಿನ ಒಂದು ಎತ್ತು ಹಿಂದೆ ಬಿದ್ದ ಸ್ಥಿತಿ.

ಜೋಡಿಸುವಾಗ ಕಲಿತ ಎರಡು ಸಂಗತಿಗಳು ಇಂದಿಗೂ ಹೊಸಬರಿಗೆ ಹೇಳಲೇಬೇಕಾದವು. ನಾಲ್ಕು ಸ್ಲಾಟುಗಳಿರುವ ಮದರ್‌ಬೋರ್ಡಿನಲ್ಲಿ ಜೋಡಿಯನ್ನು ಸಾಮಾನ್ಯವಾಗಿ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕಬೇಕು. ಮೊದಲ ಎರಡಕ್ಕೆ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ ಸೇರಿ ಅರ್ಧ ದಾರಿ ಮುಚ್ಚಿದಂತಾಗುತ್ತದೆ. ಎರಡನೆಯದಾಗಿ, 3200 ಎಂದು ಬರೆದ ಕಿಟ್ಟು ಹಾಕಿದೊಡನೆ 3200ರಲ್ಲಿ ಓಡುವುದಿಲ್ಲ. ಜೆಡೆಕ್ ಎಂಬ ಜಾಗತಿಕ ಮಂಡಳಿ ಡಿಡಿಆರ್4ಕ್ಕೆ 1.2 ವೋಲ್ಟಿನ ಒತ್ತಡದಲ್ಲಿ ನಿಗದಿಮಾಡಿದ ಸಾಧಾರಣ ವೇಗದಲ್ಲಿ, ಆ ಕಿಟ್ಟಿನ ಮಟ್ಟಿಗೆ 2133ರಲ್ಲಿ, ಅದು ಎಚ್ಚರಗೊಳ್ಳುತ್ತದೆ. 2007ರಲ್ಲಿ ಇಂಟೆಲ್ ರೂಪಿಸಿದ ಎಕ್ಸ್‌ಎಂಪಿ ಎಂಬ ವ್ಯವಸ್ಥೆಯಡಿ ಸ್ಟಿಕ್ಕಿನ ಸಣ್ಣದೊಂದು ಚಿಪ್ಪಿನಲ್ಲಿ ಬರೆದಿಟ್ಟ ಹೆಚ್ಚಿನ ವೇಗ, 1.35 ವೋಲ್ಟು ಮತ್ತು ಕಾಯುವಿಕೆಯ ಪಟ್ಟಿಯನ್ನು, ಯಂತ್ರ ಏಳುವಾಗಿನ ಹೊಂದಾಣಿಕೆಯ ಪುಟವಾದ ಬಯಾಸಿಗೆ ಹೋಗಿ ಕೈಯಾರೆ ಚಾಲೂ ಮಾಡಿದರೆ ಮಾತ್ರ ಪೊಟ್ಟಣದ ಸಂಖ್ಯೆ ನಿಜವಾಗುತ್ತದೆ. ದುಬಾರಿ ಕಿಟ್ಟು ಕೊಂಡು ವರ್ಷಗಟ್ಟಲೆ 2133ರಲ್ಲೇ ಓಡಿಸಿದವರು ಕಲಬುರಗಿಯಲ್ಲೂ ಇದ್ದರು. 2400ಜಿ ಪ್ರೊಸೆಸರಿಗೆ ಎಎಂಡಿ ಅಧಿಕೃತವಾಗಿ ಒಪ್ಪಿದ ಮೇಲ್ಮಿತಿ 2933 ಆಗಿದ್ದುದರಿಂದ 3200 ಎಂಬುದು ಅಲ್ಲಿಂದ ಮುಂದಿನ ಸ್ವಂತ ಹೊಣೆಯ ಪ್ರದೇಶವೆಂಬ ಸೂಕ್ಷ್ಮವು ಆಗ ಗಮನಕ್ಕೆ ಬಂದಿರಲಿಲ್ಲ.

ಡಿಸೆಂಬರಿನಲ್ಲಿ ನಡೆದ ಮೊದಲ ಸುತ್ತಿನ ಪರೀಕ್ಷೆ ಸಂತೋಷದ್ದು. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5 ಆಟದೊಳಗೇ ಇರುವ ಅಳತೆಯ ದೃಶ್ಯವನ್ನು ಪ್ರತಿ ಹೊಂದಾಣಿಕೆಯಲ್ಲೂ ಐದೈದು ಸಲ ಓಡಿಸಿ, ಸೆಕೆಂಡಿಗೆ ಎಷ್ಟು ಚಿತ್ರಗಳು, ಅಂದರೆ ಫ್ರೇಮುಗಳು, ಮೂಡುತ್ತವೆ ಎಂಬುದನ್ನೂ ಅತಿ ಕೆಟ್ಟ ಕ್ಷಣದಲ್ಲಿ ಅದು ಎಲ್ಲಿಗೆ ಕುಸಿಯುತ್ತದೆ ಎಂಬುದನ್ನೂ ಬರೆದುಕೊಳ್ಳಲಾಯಿತು. ಸರಾಸರಿಗಿಂತ ಈ ಕುಸಿತದ ಅಂಕಿಯೇ ಆಡುವವನ ಅನುಭವಕ್ಕೆ ಹತ್ತಿರದ್ದು; ಸರಾಸರಿ ಚೆನ್ನಾಗಿದ್ದೂ ತಿರುವಿನಲ್ಲಿ ಗಾಡಿ ಗಕ್ಕನೆ ನಿಂತರೆ ಆಟ ಕೆಟ್ಟಂತೆಯೇ. ಒಂದು ಸ್ಟಿಕ್ಕಿನ ಬದಲು ಎರಡು ಹಾಕಿ, ವೇಗವನ್ನು ಬೇಕೆಂದೇ ಹಳೆಯ 2400ಕ್ಕೇ ಇಳಿಸಿ ನೋಡಿದಾಗಲೇ ಫ್ರೇಮುಗಳು ಸುಮಾರು ಮೂರನೇ ಒಂದು ಭಾಗ ಹೆಚ್ಚಿದ್ದವು, ತಿರುವಿನ ಕುಸಿತ ಬಹುಮಟ್ಟಿಗೆ ಮಾಯವಾಗಿತ್ತು. 2400ರಿಂದ 2933ಕ್ಕೆ ಏರಿಸಿದಾಗ ಇನ್ನೊಂದು ಸ್ಪಷ್ಟ ಹೆಜ್ಜೆ ಮೇಲೇರಿತು. 2933ರಿಂದ 3200ಕ್ಕೆ ಏರಿಸಿದಾಗ ಸಿಕ್ಕ ಲಾಭವನ್ನು ಅಳತೆಯ ಪಟ್ಟಿಯಲ್ಲಿ ಕಾಣಬಹುದಿತ್ತೇ ಹೊರತು ಕಣ್ಣಿನಿಂದ ಗುರುತಿಸಲು ಅಂಗಡಿಗೆ ಬಂದ ಯಾವ ಹುಡುಗನಿಗೂ ಆಗಲಿಲ್ಲ. ಲೆಕ್ಕವೂ ಇದನ್ನೇ ಹೇಳುತ್ತದೆ: ಒಂಟಿ 2400 ಸ್ಟಿಕ್ಕಿನ 19.2 ಜಿಬಿ ಜೋಡಿಯಲ್ಲಿ 38.4 ಆಗುವುದು ಇಮ್ಮಡಿಯ ಜಿಗಿತ, 2933ರ 46.9 ಜಿಬಿ 3200ರಲ್ಲಿ 51.2 ಆಗುವುದು ನೂರಕ್ಕೆ ಒಂಬತ್ತರಷ್ಟು. ಕಿಟ್ಟಿನ ಬೆಲೆಯಲ್ಲಿ ಹೆಚ್ಚಿನ ಪಾಲು ಈ ಕೊನೆಯ ಒಂಬತ್ತಕ್ಕಾಗಿ ತೆತ್ತದ್ದು ಎಂಬ ಅರಿವು ಅಂದೇ ಮೂಡಬೇಕಿತ್ತು; ಮೂಡಲಿಲ್ಲ, ಏಕೆಂದರೆ 3200 ಎಂಬ ಸಂಖ್ಯೆಯನ್ನು ಪರದೆಯ ಮೇಲೆ ಕಾಣುವುದರಲ್ಲೇ ಒಂದು ಹೆಮ್ಮೆಯಿತ್ತು.

ತಪ್ಪು ಹುಡುಕುವ ಪರೀಕ್ಷೆಗೆ ಮೆಮ್‌ಟೆಸ್ಟ್86 ಎಂಬ ತಂತ್ರಾಂಶವನ್ನು ಬಳಸಲಾಯಿತು. ಇದು ವಿಂಡೋಸನ್ನು ನೆಚ್ಚದೆ ಪೆನ್‌ಡ್ರೈವಿನಿಂದಲೇ ಶುರುವಾಗಿ, ರ್ಯಾಮಿನ ತುದಿಯಿಂದ ತುದಿಯವರೆಗೆ ಒಂದು-ಸೊನ್ನೆಗಳ ವಿನ್ಯಾಸಗಳನ್ನು ಬರೆದು, ಮತ್ತೆ ಓದಿ, ಬರೆದದ್ದೇ ಮರಳಿ ಬಂತೇ ಎಂದು ತಾಳೆ ನೋಡುತ್ತದೆ. ನಾಲ್ಕು ಸುತ್ತು ಮುಗಿಯಲು ರಾತ್ರಿಯ ಬಹುಭಾಗ ಬೇಕು, ನಡುವೆ ಕರೆಂಟ್ ಹೋದರೆ ಮೊದಲಿನಿಂದ ಶುರುಮಾಡಬೇಕು. ಯುಪಿಎಸ್ಸಿನ ಕೂಗಿಗೆ ಎದ್ದು ಕುಳಿತ ರಾತ್ರಿಗಳು ಎಷ್ಟೋ. ಒಂದು ಸಲ ಸ್ಟಿಕ್ಕಿನ ಚಿನ್ನಲೇಪಿತ ಹಲ್ಲುಗಳಿಗೆ ಎರೆಮಣ್ಣಿನ ಸಣ್ಣ ದೂಳು ಕೂತು ಯಂತ್ರ ಏಳದೇ ಹೋದಾಗ, ಶಾಲೆಯ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂಡಿಸಿದ್ದೂ ಇದೇ ಕಾಲದಲ್ಲಿ. ತೊಗರಿ ರಾಶಿಯ ದಿನಗಳಲ್ಲಿ ಊರಿನ ಗಾಳಿಯೇ ದೂಳಾಗಿರುತ್ತದೆ. ಕೊನೆಗೂ ಜನವರಿಯ ಒಂದು ಬೆಳಗ್ಗೆ ನಾಲ್ಕೂ ಸುತ್ತು ಮುಗಿದು ತಪ್ಪು ಸೊನ್ನೆ ಎಂದು ಬಂತು, ಕಿಟ್ಟು ಉತ್ತಮವಾದುದು, ಆರು ಯಂತ್ರಗಳಿಗೂ ಇದನ್ನೇ ತರಬಹುದು ಎಂಬ ತೀರ್ಪು ವಹಿಯಲ್ಲಿ ದಾಖಲಾಯಿತು. ಅಣ್ಣನ ಕೈಯಲ್ಲಿ ಅಂದು ಪೂರ್ತಿ ಹಣ ಇರದಿದ್ದುದರಿಂದ ಖರೀದಿ ಮುಂದಕ್ಕೆ ಹೋಯಿತು. ಆ ತೀರ್ಪು ತಪ್ಪಾಗಿತ್ತು.

ಏಪ್ರಿಲ್ ಎರಡನೆಯ ವಾರದಲ್ಲಿ, ಲಗ್ನದ ಮುಹೂರ್ತಗಳು ಒತ್ತಾಗಿದ್ದ ದಿನಗಳಲ್ಲಿ, ಅಣ್ಣನು ತನ್ನ ಯಂತ್ರ ಕೆಟ್ಟಿದ್ದರಿಂದ ಲೇಖಕನ ಸಿಸ್ಟಮ್ಮನ್ನೇ ಅಂಗಡಿಗೆ ಒಯ್ದಿದ್ದನು. ಮಧ್ಯಾಹ್ನ ಮೂರರ ಹೊತ್ತಿಗೆ ಉಳಿಸಿಟ್ಟ ಲಗ್ನಪತ್ರಿಕೆಯೊಂದರ ಕಡತ ಸಂಜೆ ತೆರೆಯಲಿಲ್ಲ. ಮೊದಲು ವೈರಸ್ಸಿನ ಮೇಲೆ, ಆಮೇಲೆ ಹಾರ್ಡ್ ಡಿಸ್ಕಿನ ಮೇಲೆ ಅನುಮಾನ ಹೋಯಿತು. ಎರಡು ದಿನ ಬಿಟ್ಟು ಇನ್ನೊಂದು ಕಡತ ತೆರೆಯಿತು, ಆದರೆ ಪುಟದ ನಡುವಿನ ಚಿತ್ರದಲ್ಲಿ ಒಂದು ಅಡ್ಡಗೆರೆ ಮೂಡಿತ್ತು. ಆಟ ಆಡುವಾಗ ಪರದೆ ನೀಲಿಯಾಗಿ ನಿಂತದ್ದೂ ಅದೇ ವಾರ. ಪತ್ರಿಕೆಯನ್ನು ರಾತ್ರಿಯೆಲ್ಲ ಕೂತು ಹೊಸದಾಗಿ ಕೂಡಿಸಿ, ಬೀಗರಿಗೆ ಹೇಳಿದ ಹೊತ್ತಿಗೆ ಕೊಟ್ಟ ಬಳಿಕ ಅಣ್ಣನು ಸಿಟ್ಟಿಲ್ಲದೆ ಹೇಳಿದ ಮಾತು ಇಡೀ ಪರೀಕ್ಷೆಯ ಗುರಿಯನ್ನೇ ಬದಲಿಸಿತು: "ಆಟ ಹ್ಯಾಂಗರ ಓಡ್ಲಿ, ಪತ್ರಿಕಿ ಕೆಡಬಾರ್ದು." ಮನೆಬಳಕೆಯ ರ್ಯಾಮಿಗೆ ತನ್ನ ತಪ್ಪನ್ನು ತಾನೇ ಹಿಡಿಯುವ ಶಕ್ತಿ ಆಗ ಇರಲಿಲ್ಲ. ದೊಡ್ಡ ಸರ್ವರುಗಳಲ್ಲಿ ಇಸಿಸಿ ಎಂಬ ಹೆಚ್ಚುವರಿ ಕಾವಲು ಬಿಟ್ಟುಗಳು ಇರುತ್ತವೆ, ಒಂದು ಬಿಟ್ಟು ಕೆಟ್ಟರೆ ಅವು ಸರಿಪಡಿಸುತ್ತವೆ; ಸಾಧಾರಣ ಯಂತ್ರದಲ್ಲಿ ಕೆಟ್ಟ ಬಿಟ್ಟು ಸದ್ದಿಲ್ಲದೆ ಡಿಸ್ಕಿಗೆ ಹೋಗಿ ಶಾಶ್ವತವಾಗುತ್ತದೆ. ಆಟದಲ್ಲಿ ಅದು ಒಂದು ಬಣ್ಣದ ಚುಕ್ಕೆ, ಲಗ್ನಪತ್ರಿಕೆಯಲ್ಲಿ ಮುಹೂರ್ತದ ತಾರೀಖು ಆಗಬಹುದು.

ಮೆಮ್‌ಟೆಸ್ಟನ್ನು ಈ ಸಲ ಹಗಲಿನಲ್ಲಿ ಓಡಿಸಿದಾಗ ಉತ್ತರ ಸಿಕ್ಕಿತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಸೀಮೆಯ ಬಿಸಿಲು 42, 43 ಡಿಗ್ರಿ ಮುಟ್ಟುವುದು ಸಾಮಾನ್ಯ. ಮಧ್ಯಾಹ್ನದ ಅಂಗಡಿಯ ಕೋಣೆ, ಅದರೊಳಗೆ ಮುಚ್ಚಿದ ಕ್ಯಾಬಿನೆಟ್ಟು, ಅದರೊಳಗೆ ಬಿಸಿಗಾಳಿ ಚೆಲ್ಲುವ ಪ್ರೊಸೆಸರು, ಅದರ ಪಕ್ಕಕ್ಕೇ ಒತ್ತಿಕೊಂಡು ನಿಂತ ಎರಡು ಸ್ಟಿಕ್ಕು. ಮಧ್ಯಾಹ್ನದ ಪರೀಕ್ಷೆಯಲ್ಲಿ ಎರಡನೆಯ ಸುತ್ತಿನೊಳಗೇ ಕೆಂಪು ಸಾಲುಗಳು ಬಂದವು. ಅದೇ ಹೊಂದಾಣಿಕೆಯನ್ನು ಬೆಳಗಿನ ಜಾವ ನಾಲ್ಕಕ್ಕೆ ಓಡಿಸಿದಾಗ ತಪ್ಪಿಲ್ಲ. ಕಾರಣ ಬಿಸಿಯೋ ಕರೆಂಟಿನ ಏರಿಳಿತವೋ ಎಂಬುದನ್ನು ಬೇರ್ಪಡಿಸಲು, ಯಂತ್ರವನ್ನು ಮನೆಗೆ ತಂದು ಕ್ಯಾಬಿನೆಟ್ಟಿನ ಮುಚ್ಚಳ ತೆಗೆದು ಶಹಾಬಾದಿ ಕಲ್ಲಿನ ನೆಲದ ಮೇಲೆ ಮಲಗಿಸಿ, ಮೇಜಿನ ಫ್ಯಾನನ್ನು ಸ್ಟಿಕ್ಕುಗಳಿಗೆ ನೇರ ಹಿಡಿದು, ಮಧ್ಯಾಹ್ನವೇ ಮತ್ತೆ ಓಡಿಸಲಾಯಿತು, ತಪ್ಪಿಲ್ಲ. ಫ್ಯಾನ್ ತೆಗೆದು ಮುಚ್ಚಳ ಹಾಕಿದರೆ ಮತ್ತೆ ಕೆಂಪು. ಮೂರು ದಿನ ಮೂರು ಸಲ ಹೀಗೆ ಮಾಡಿ ಒಂದೇ ಫಲ ಬಂದ ಮೇಲೆ ಅನುಮಾನಕ್ಕೆ ಎಡೆಯಿರಲಿಲ್ಲ. ಇಂಥ ಹಿಂದುಮುಂದು ಪರೀಕ್ಷೆ, ಅಂದರೆ ಒಂದೇ ಒಂದನ್ನು ಬದಲಿಸಿ ಮಿಕ್ಕದ್ದನ್ನೆಲ್ಲ ಹಾಗೆಯೇ ಇಟ್ಟು ನೋಡುವ ಕ್ರಮ, ಸಾವಿರ ರೂಪಾಯಿಯ ಫ್ಯಾನಿನಿಂದಲೂ ಸಾಧ್ಯವಾಗುತ್ತದೆ.

ಸ್ಟಿಕ್ಕುಗಳೇನೂ 85 ಡಿಗ್ರಿ ತಲುಪಿರಲಿಲ್ಲ. ಆದರೆ ಆ ಮಿತಿ ಅನ್ವಯಿಸುವುದು ಜೆಡೆಕ್ಕಿನ ಸಾಧಾರಣ ವೇಗಕ್ಕೆ. ಎಕ್ಸ್‌ಎಂಪಿಯಲ್ಲಿ ಒತ್ತಡ ಏರಿಸಿ, ಕಾಯುವ ಕಾಲ ಕಡಿತಗೊಳಿಸಿ ಓಡಿಸುವಾಗ ಎಲ್ಲ ಅಂಚುಗಳೂ ಮೊದಲೇ ಸವೆದಿರುತ್ತವೆ, ಬಿಸಿ ಉಳಿದ ಅಂಚನ್ನೂ ತಿಂದುಬಿಡುತ್ತದೆ. ತಪ್ಪು ಸ್ಟಿಕ್ಕಿನದೋ, ಅಧಿಕೃತ ಮಿತಿಯಾಚೆ ದುಡಿಯುತ್ತಿದ್ದ ಪ್ರೊಸೆಸರಿನ ಮೆಮೊರಿ ನಿಯಂತ್ರಕದ್ದೋ ಎಂಬುದನ್ನು ಆ ಪರೀಕ್ಷೆ ಬಿಡಿಸಿ ಹೇಳಲಾರದು, ಕೊಳ್ಳುವವನಿಗೆ ಅದು ಬೇಕಾಗಿಯೂ ಇಲ್ಲ. ಪೊಟ್ಟಣ ಸುಳ್ಳು ಹೇಳಿರಲಿಲ್ಲ. ಅದು ಹೇಳಿದ್ದು ತಂಪಾದ ಕೋಣೆಯ ಸತ್ಯ. ಜನವರಿಯಲ್ಲಿ ತೀರ್ಪು ಬರೆದ ಲೇಖಕನೇ ಅದನ್ನು ವರ್ಷದ ಹನ್ನೆರಡೂ ತಿಂಗಳಿಗೆ ಹಿಗ್ಗಿಸಿ ಓದಿದ್ದನು. ಬೇಸಾಯದವರ ಮನೆಯಲ್ಲಿ ಹುಟ್ಟಿದವನು ಒಂದು ಋತುವಿನ ಫಲ ನೋಡಿ ಬೀಜದ ಗುಣ ಹೇಳಬಾರದೆಂಬುದನ್ನು ಮರೆತದ್ದು ಇಂದಿಗೂ ಅವನಿಗೆ ನೋವಿನ ಸಂಗತಿ.

ವೇಗವನ್ನು 2933ಕ್ಕೆ ಇಳಿಸಿ ಸಿಎಲ್ಲನ್ನು 16ರಲ್ಲೇ ಇಟ್ಟಾಗ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ, ಮೇ ತಿಂಗಳ ಮಧ್ಯಾಹ್ನದಲ್ಲಿ, ನಾಲ್ಕು ಸುತ್ತೂ ತಪ್ಪಿಲ್ಲದೆ ಮುಗಿದವು. ಕಾಯುವ ಕಾಲ 10 ನ್ಯಾನೋಸೆಕೆಂಡಿನಿಂದ 10.9ಕ್ಕೆ ಏರಿತು, ಯಾವ ಆಟದಲ್ಲೂ ಯಾರಿಗೂ ಅದು ತಿಳಿಯಲಿಲ್ಲ. ಅಣ್ಣನ ಆರು ಯಂತ್ರಗಳಿಗೆ ಕೊನೆಗೆ ತಂದದ್ದು 3000 ವೇಗ ಬರೆದ, ತಲಾ 4 ಜಿಬಿಯ ಎರಡು ಸ್ಟಿಕ್ಕಿನ ಕಿಟ್ಟುಗಳು, ಹಾಕಿದ್ದು 2933ರಲ್ಲಿ. ಗ್ರಾಫಿಕ್ಸ್ ಭಾಗ ತನ್ನ ಪಾಲಿಗೆ 2 ಜಿಬಿ ಕಾದಿರಿಸಿಕೊಂಡರೆ ವಿಂಡೋಸಿಗೂ ಆಟಕ್ಕೂ ಸೇರಿ ಉಳಿಯುವುದು ಆರೇ ಜಿಬಿ ಎಂಬ ಇಕ್ಕಟ್ಟು ಅಲ್ಲಿತ್ತು, ಅದನ್ನು ಮುಚ್ಚಿಡದೆ ಅಣ್ಣನಿಗೆ ಹೇಳಲಾಯಿತು. 8 ಜಿಬಿಯ ಒಂದೇ ಸ್ಟಿಕ್ಕು ಹಾಕಿ ಮುಂದೆ ಇನ್ನೊಂದು ಸೇರಿಸೋಣವೆಂಬ ಅಂಗಡಿಯವರ ಸಲಹೆಯನ್ನು ಒಪ್ಪಿದ್ದರೆ ಅಂದಿನಿಂದಲೇ ಅರ್ಧ ದಾರಿ ಮುಚ್ಚಿ ಆಡಿದಂತಾಗುತ್ತಿತ್ತು. ಆ ವರ್ಷ ರ್ಯಾಮಿನ ಬೆಲೆ ಬಿದ್ದದ್ದರಿಂದ ತಡವಾದ ಖರೀದಿ ಲಾಭಕ್ಕೇ ತಿರುಗಿತು. ಅದು ಅದೃಷ್ಟವೇ ಹೊರತು ಜಾಣತನವಲ್ಲ.

ಮುಂದೆ ಡಿಡಿಆರ್5 ಬಂತು. ಜೆಡೆಕ್ ಅದರ ನಿಯಮವನ್ನು 2020ರ ಜುಲೈಯಲ್ಲಿ ಪ್ರಕಟಿಸಿತು, 2021ರ ನವೆಂಬರಿನಲ್ಲಿ ಇಂಟೆಲ್ಲಿನ, 2022ರ ಸೆಪ್ಟೆಂಬರಿನಲ್ಲಿ ಎಎಂಡಿಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಅದನ್ನು ಸ್ವೀಕರಿಸಿದವು. 6000 ವೇಗ, ಸಿಎಲ್ 30 ಎಂಬ ಜನಪ್ರಿಯ ಕಿಟ್ಟನ್ನು ಹಳೆಯ ಸೂತ್ರಕ್ಕೆ ಹಾಕಿದರೆ ಬರುವ ಉತ್ತರ ಮತ್ತೆ 10 ನ್ಯಾನೋಸೆಕೆಂಡು. ಇಪ್ಪತ್ತು ವರ್ಷ ಹಿಂದಿನ ಡಿಡಿಆರ್-400, ಸಿಎಲ್ 2 ಕಿಟ್ಟಿಗೂ ಅದೇ 10. ಒಂದು ಸೆಕೆಂಡಿಗೆ ಹರಿಯುವ ಮಾಹಿತಿ ಹದಿನೈದು ಪಟ್ಟಾಗಿದೆ, ಮೊದಲ ಹನಿಗಾಗಿ ಕಾಯುವ ಹೊತ್ತು ಹಾಗೆಯೇ ಇದೆ. ಏಕೆಂದರೆ ಸಣ್ಣ ಕೆಪಾಸಿಟರಿನ ಅತ್ಯಲ್ಪ ವಿದ್ಯುದಂಶವನ್ನು ಉದ್ದದ ತಂತಿಯ ಮೇಲೆ ಗುರುತಿಸಿ ದೊಡ್ಡದು ಮಾಡುವ ಡೆನ್ನಾರ್ಡನ ಕಾಲದ ಕಷ್ಟ ಇನ್ನೂ ಕರಗಿಲ್ಲ. ಡಿಡಿಆರ್5ರ ಚಿಪ್ಪು ತನ್ನೊಳಗಿನ ಕೆಲವು ತಪ್ಪುಗಳನ್ನು ತಾನೇ ತಿದ್ದಿಕೊಳ್ಳುತ್ತದೆ, ದಾರಿಯಲ್ಲಿ ಆಗುವ ತಪ್ಪನ್ನಲ್ಲ. ಸ್ಟಿಕ್ಕಿನಲ್ಲಿ ಉಷ್ಣಮಾಪಕವೂ ಇದೆ, ಆದರೆ ವೋಲ್ಟೇಜ್ ಹೊಂದಿಸುವ ಚಿಪ್ಪು ಮದರ್‌ಬೋರ್ಡಿನಿಂದ ಸ್ಟಿಕ್ಕಿಗೇ ಬಂದು ಕೂತು ಬಿಸಿಗೆ ಬಿಸಿ ಕೂಡಿಸಿದೆ. ಇಂಥದೊಂದು ಕಿಟ್ಟನ್ನು 2023ರ ಜನವರಿಯಲ್ಲಿ ಕೊಂಡಾಗ ಲೇಖಕನು ಚಳಿಗಾಲದ ಅಂಕಿಗಳನ್ನು ವಹಿಯಲ್ಲಿ ಪೆನ್ಸಿಲಿನಿಂದ ಬರೆದು, ತೀರ್ಪಿನ ಜಾಗವನ್ನು ಮೇ ತಿಂಗಳವರೆಗೆ ಖಾಲಿ ಬಿಟ್ಟನು. 2025ರ ಕೊನೆಗೆ ಕೃತಕ ಬುದ್ಧಿಮತ್ತೆಯ ಗಣಕಕೇಂದ್ರಗಳು ಮೆಮೊರಿಯನ್ನೆಲ್ಲ ಸೆಳೆದುಕೊಳ್ಳತೊಡಗಿ ಬೆಲೆಗಳು ಮತ್ತೆ ಏರಿದಾಗ, ಹಳೆಯ ಡಿಡಿಆರ್4 ಜೋಡಿಗಳನ್ನು ಮಾರುವಿರಾ ಎಂದು ಕೇಳಿಕೊಂಡು ಕಲಬುರಗಿಯಿಂದ ಫೋನುಗಳು ಬಂದವು.

2018ರ ಆ ಜೋಡಿ ಇನ್ನೂ ಮಾರಾಟಕ್ಕಿಲ್ಲ. ಅಣ್ಣನ ಅಂಗಡಿಯಲ್ಲಿ ಲೇಖಕನ ಹಳೆಯ ಸಿಸ್ಟಮ್ಮಿನೊಳಗೆ ಅದು ಇಂದಿಗೂ ಪತ್ರಿಕೆ ಕೂಡಿಸುತ್ತಿದೆ. ಚಳಿಗಾಲದಲ್ಲಿ 3200, ಬೇಸಿಗೆಯಲ್ಲಿ 2933 ಎಂದು ವರ್ಷಕ್ಕೆರಡು ಸಲ ಬಯಾಸಿನಲ್ಲಿ ಬದಲಿಸುವುದನ್ನು ಮರೆಯಬಾರದೆಂದು ಅಣ್ಣನು ಕ್ಯಾಬಿನೆಟ್ಟಿನ ಮೇಲೆ ಚೀಟಿಯೊಂದನ್ನು ಅಂಟಿಸಿದ್ದಾನೆ. ಅಕ್ಷರ ಮಾಸಿದಾಗಲೆಲ್ಲ ಅದರ ಮೇಲೆಯೇ ಮಾರ್ಕರಿನಿಂದ ತಿದ್ದಿ ದಪ್ಪವಾಗಿರುವ ಆ ಚೀಟಿಯಲ್ಲಿ "ಹೋಳಿ ಹುಣ್ಣಿವಿಯಿಂದ ಮಿರಗದ ಮಳಿ ತನಕ 2933" ಎಂದು ಬರೆದಿದೆ.